ಸೊಸೆಯ ಕಾಲಿಗೊಂದು ಕಲ್ಲು

ನನ್ನ ಹೆಂಡತಿ ನಾಗಜ್ಯೋತಿಗೆ ಬೈಕು ಓಡಿಸಲು ಬರುತ್ತದೆ, ನಿಲ್ಲಿಸಲು ಬರುವುದಿಲ್ಲ ಎಂದು ನಮ್ಮೂರು ಪೆದ್ದಹರಿವಾಣಂನ ಜನ ಆಡಿಕೊಳ್ಳುತ್ತಿದ್ದರು. ಶುದ್ಧ ಸುಳ್ಳು. ಬ್ರೇಕು ಹಿಡಿಯುವುದರಲ್ಲಿ ಅವಳನ್ನು ಮೀರಿಸುವವರು ನಮ್ಮೂರಲ್ಲಿ ಯಾರೂ ಇಲ್ಲ. ಗಾಡಿ ನಿಂತ ಮೇಲೆ ಕಾಲೂರಬೇಕಲ್ಲ, ಆಗ ಅವಳ ಕಾಲಿಗೆ ನೆಲ ಸಿಗುವುದಿಲ್ಲ. ಇದರಲ್ಲಿ ಅವಳ ತಪ್ಪೇನಿದೆ ಎಂದು ನಾನು ಎಷ್ಟೋ ಜನರ ಜೊತೆ ಜಗಳವಾಡಿದ್ದೇನೆ.

ಗಾಡಿ ನಮ್ಮಪ್ಪ ಮಲ್ಲಯ್ಯನದು. ಕುರಿ ಕಾಯುವುದನ್ನು ಬಿಟ್ಟ ವರ್ಷ ಕೊಂಡದ್ದು. ಅಪ್ಪ ಸಿಕ್ಕಾಪಟ್ಟೆ ಉದ್ದದ ಮನುಷ್ಯ. ಆದವಾನಿಯ ಶೋರೂಮಿನಲ್ಲಿ ಎಲ್ಲ ಬೈಕುಗಳ ಮೇಲೂ ಕೂತು ನೋಡಿ, ಯಾವುದರ ಮೇಲೆ ಮೊಣಕಾಲು ಹೊಟ್ಟೆಗೆ ತಾಗುವುದಿಲ್ಲವೋ ಅದನ್ನು ಆರಿಸಿದ್ದ. ಜ್ಯೋತಿ ನನ್ನ ಎದೆಮಟ್ಟಕ್ಕೆ ಬರುತ್ತಾಳೆ, ಅದೂ ಮುಡಿದ ಹೂವನ್ನು ಲೆಕ್ಕಕ್ಕೆ ಹಿಡಿದರೆ.

ಅವಳು ಪಶು ಇಲಾಖೆಯಲ್ಲಿ ಸಹಾಯಕಿ. ಸುತ್ತಲಿನ ಕುರಿಮಂದೆಗಳಿಗೆ ಸೂಜಿ ಹಾಕುವುದು, ಔಷಧ ಕುಡಿಸುವುದು, ಈಯಲು ಕಷ್ಟಪಡುವ ಕುರಿಯ ಪಕ್ಕ ಮೊಣಕಾಲೂರಿ ಕೂರುವುದು ಅವಳ ಕೆಲಸ. ಆ ಕೆಲಸ ಅವಳಿಗೆ ಪ್ರಾಣ. ಬೆಳಿಗ್ಗೆ ನಾನು ಅವಳನ್ನು ಯಾವುದೋ ಹೊಲದ ಬದುವಿನಲ್ಲಿ ಇಳಿಸಿ, ಆದವಾನಿಯ ಹತ್ತಿ ಮಿಲ್ಲಿಗೆ ಓಡುತ್ತಿದ್ದೆ. ದಾರಿಯಲ್ಲಿ ನಾಲ್ಕು ಜನರನ್ನು ಮಾತಾಡಿಸುವುದು ನನ್ನ ಸ್ವಭಾವ. ಹಾಗಾಗಿ ಇಬ್ಬರೂ ದಿನವೂ ತಡ. ಹೊಸದಾಗಿ ಬಂದ ಡಾಕ್ಟರಮ್ಮ ಹರಿತಾ ಇದನ್ನು ಸ್ವಲ್ಪ ದಿನ ನೋಡಿದರು. ನಿಮ್ಮ ಗಂಡನಿಗೆ ಬಿಡುವಾದಾಗಲೇ ಕುರಿಗಳಿಗೆ ಜ್ವರ ಬರಬೇಕೇ ಎಂದು ಕೇಳಿದರು. ಒಬ್ಬಳೇ ತಿರುಗಾಡಲು ಆಗದಿದ್ದರೆ ಆಲೂರಿನ ಆಫೀಸಿನಲ್ಲಿ ಕೂರಿಸುತ್ತೇನೆ, ಮಂದೆಗಳ ಕೆಲಸ ಬೇರೆಯವರಿಗೆ ಕೊಡುತ್ತೇನೆ ಎಂದೂ ಹೇಳಿದರು.

ಅವತ್ತು ರಾತ್ರಿ ಜ್ಯೋತಿ ಊಟ ಮಾಡಲಿಲ್ಲ. "ಕುರ್ಚಿ ಮ್ಯಾಲ ಕುಂತ್ರೂ ನನ್ನ ಕಾಲು ನೆಲಕ್ಕ ಮುಟ್ಟಂಗಿಲ್ರಿ. ಅಲ್ಲಿ ಹೋಗಿ ಏನು ಮಾಡ್ಲಿ?" ಎಂದಳು. ನನಗೆ ನಗು ಬಂತು, ಅವಳ ಮುಖ ನೋಡಿ ನುಂಗಿಕೊಂಡೆ.

ಸ್ಕೂಟಿ ಕೊಡಿಸಬಾರದೇ ಎನ್ನುವವರು ನಮ್ಮ ಎರೆಮಣ್ಣಿನ ಹೊಲದಾರಿಯನ್ನು ಮಳೆ ಬಿದ್ದ ಮರುದಿನ ಬಂದು ನೋಡಬೇಕು. ಆ ಕೆಸರಿನಲ್ಲಿ ಸಣ್ಣ ಚಕ್ರ ಇಳಿದರೆ ಮೇಲೆ ಬರುವುದು ಬೇಸಿಗೆಯಲ್ಲೇ. ಆದ್ದರಿಂದ ಅವಳು ಅಪ್ಪನ ಬೈಕನ್ನೇ ಕಲಿತಳು. ಮನೆಯ ಕಟ್ಟೆಯ ಮೇಲಿಂದ ಹತ್ತುತ್ತಿದ್ದಳು, ಹೊರಟರೆ ಗಾಳಿ. ನಿಲ್ಲುವಾಗ ಮಾತ್ರ ಆತುಕೊಳ್ಳಲು ಏನಾದರೂ ಬೇಕು: ಗೋಡೆ, ಕರೆಂಟು ಕಂಬ, ಬೇವಿನ ಮರ. ಒಂದು ದಿನ ಏನೂ ಸಿಗದೆ, ದಾರಿಯಲ್ಲಿ ನಿಂತಿದ್ದ ಎಮ್ಮೆಯನ್ನು ಆತು ನಿಲ್ಲಿಸಿದಳು. ಎಮ್ಮೆ ಸ್ವಲ್ಪ ಹೊತ್ತು ಸಹಿಸಿಕೊಂಡು, ಆಮೇಲೆ ತನ್ನ ಕೆಲಸ ನೋಡಿಕೊಂಡು ಹೋಯಿತು. ಅವಳ ಮೊಣಕೈ ತರಚಿತು.

ನಮ್ಮ ಮಿಲ್ಲಿನ ಎದುರಿಗೇ ಮೆಕ್ಯಾನಿಕ್ ದಸ್ತಗಿರಿಯ ಅಂಗಡಿ. ನಾನು ಹೋಗಿ ಕೇಳಿದೆ.

"ಇದೇನು ದೊಡ್ಡ ಕೆಲಸ ಅಲ್ಲ ಸುಂಕೇಶಣ್ಣ," ಎಂದ. "ಸೀಟಿನ ಸ್ಪಂಜು ಕೊಯ್ತೀನಿ. ಹಿಂದಿನ ಶಾಕಬ್ಸರು ಸಣ್ಣದು ಹಾಕ್ತೀನಿ, ಮುಂದಿನ ರಾಡು ಜರಾ ಮ್ಯಾಲ ಸರಸ್ತೀನಿ. ಸೈಡ್ ಸ್ಟ್ಯಾಂಡೂ ಕೊಯ್ಯಬೇಕು, ಇಲ್ಲಂದ್ರ ನಿಲ್ಲಿಸಿದಾಗ ಗಾಡಿ ಆ ಕಡಿ ಬೀಳತೈತಿ. ಮಧ್ಯಾಹ್ನದಾಗ ಅಯಿಪೋತುಂದಿ, ಮುಗದಹೋತು ಅಂತ ತಿಳಕೋ."

ಸಂತೋಷದಿಂದ ಮನೆಗೆ ಬಂದು ಹೇಳಿದೆ. ಅಪ್ಪ ಉಣ್ಣುತ್ತಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿದ.

"ನನ್ನ ಗಾಡಿ ಕೊಯ್ಯಾಂಗಿಲ್ಲ."

"ಅಪ್ಪಾ, ಬರೇ ಮೂರು ಬೆರಳು."

"ಇವತ್ತು ಮೂರು ಬೆರಳು ಅಂತಾರ. ಕೊಯ್ದಿದ್ದು ಮತ್ತ ಬೆಳೀತೈತೇನು? ಅದು ಕುರಿ ಉಣ್ಣೆಯಲ್ಲಲೇ, ಸ್ಪಂಜು! ಕುರಿಗೆ ಜಾಲಿಕಾಯಿ ಎಟುಕಲಿಲ್ಲಂದ್ರ ಗಿಡಾನ ಕಡೀತಾರೇನು? ಟೊಂಗಿ ಬಗ್ಗಿಸ್ತಾರ."

"ಅದನ್ನೇ ಹೇಳಾಕತ್ತೀನಿ. ಗಾಡಿ ಬಗ್ಗಿಸಾಣ."

ಅಪ್ಪ ಯೋಚಿಸಿದ. ಅಪ್ಪ ಯೋಚಿಸಲು ಶುರುಮಾಡಿದರೆ ಮನೆಯಲ್ಲಿ ಎಲ್ಲರಿಗೂ ಭಯ. ಕೊನೆಗೆ ಕೈ ತೊಳೆದುಕೊಂಡು ಬಂದು, "ಗಾಡಿ ಇಳಿಸಾದು ಬ್ಯಾಡ. ನೆಲ ಏರಿಸಾಣ" ಎಂದ.

"ಈತಗ ಬುದ್ಧಿನೂ ಎತ್ತರದಾಗ ಐತಿ, ಯಾರ ಕೈಗೂ ಸಿಗಂಗಿಲ್ಲ," ಎಂದಳು ಅವ್ವ ಲಿಂಗಕ್ಕ ಒಲೆಯ ಮುಂದಿನಿಂದ.

ಅಪ್ಪ ಸುಮ್ಮನೆ ಹೇಳುವವನಲ್ಲ. ಮರುದಿನವೇ ಜ್ಯೋತಿಯನ್ನು ಕೂರಿಸಿಕೊಂಡು, ನೀನು ಎಲ್ಲೆಲ್ಲಿ ನಿಲ್ಲುತ್ತೀಯಮ್ಮ ಎಂದು ಕೇಳಿದ. ಹಾಲಿನ ಕೇಂದ್ರ, ಗ್ರಾಮ ಸಚಿವಾಲಯ, ಉರುಕುಂದನ ಚಹದಂಗಡಿ, ಮಂದೆಗಳು ಸೇರುವ ಕೆರೆಯ ಪಕ್ಕದ ಬಯಲು. ಹಳೆಯ ದೊಡ್ಡಿಯ ಗೋಡೆಯಿಂದ ಒಳ್ಳೆ ಚಪ್ಪಟೆ ಕಲ್ಲುಗಳನ್ನು ಕಿತ್ತು ಆಟೋದಲ್ಲಿ ಹೇರಿದ. ಬಿಸಿಲೇರುವ ಮುಂಚೆ ಮುಗಿಸಬೇಕೆಂದು ಕೋಳಿ ಕೂಗುವ ಹೊತ್ತಿಗೆ ಸ್ನಾನ ಮಾಡಿ, ಚಳಿಗೆ ಕಂಬಳಿ ಹೊದ್ದು, ಒಬ್ಬನೇ ಗುಂಡಿ ತೋಡಿ ಒಂದೊಂದು ಕಡೆ ಒಂದೊಂದು ಕಲ್ಲು ನೆಟ್ಟ. ಕತ್ತಲಲ್ಲಿ ಸೊಸೆಗೆ ಕಲ್ಲು ಕಾಣಬೇಕಲ್ಲ? ಅದಕ್ಕೆ ಬಣ್ಣ ಬಳಿದ. ಮನೆಯಲ್ಲಿ ಉಳಿದಿದ್ದದ್ದು ಸುಣ್ಣ ಮತ್ತು ಕೆಮ್ಮಣ್ಣು. ಒಂದು ಪಟ್ಟೆ ಬಿಳಿ, ಒಂದು ಪಟ್ಟೆ ಕೆಂಪು. ನಮ್ಮ ಸೀಮೆಯಲ್ಲಿ ಯಾವ ಗೋಡೆಗೆ ಅಂಥ ಪಟ್ಟೆ ಬಳಿಯುತ್ತಾರೆ ಎಂಬುದು ಕೈಮುಗಿಯಲು ಬರುವ ಎಲ್ಲರಿಗೂ ಗೊತ್ತು. ಅಪ್ಪನಿಗೂ ಗೊತ್ತು. ಆದರೆ ಆ ಹೊತ್ತಿಗೆ ಅವನ ತಲೆಯಲ್ಲಿ ಸೊಸೆಯ ಎಡಗಾಲು ಒಂದೇ ಇತ್ತು.

ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ: ಅಪ್ಪನ ಉಪಾಯ ಫಲಿಸಿತು. ಜ್ಯೋತಿ ಜೋರಾಗಿ ಬಂದು, ಕಲ್ಲಿನ ಪಕ್ಕಕ್ಕೆ ಸರಿಯಾಗಿ ನಿಲ್ಲಿಸಿ, ಎಡಗಾಲನ್ನು ಮಹಾರಾಣಿಯ ಹಾಗೆ ಪಟ್ಟೆ ಕಲ್ಲಿನ ಮೇಲಿಟ್ಟು ಇಳಿಯುತ್ತಿದ್ದಳು. ನಾನು ಬಸ್ಸು ಹಿಡಿದು ಮಿಲ್ಲಿಗೆ ವೇಳೆಗೆ ಸರಿಯಾಗಿ ಹೋಗತೊಡಗಿದೆ. ಮೇಸ್ತ್ರಿ ನನಗೆ ಮೈ ಹುಷಾರಿಲ್ಲವೇ ಎಂದು ವಿಚಾರಿಸಿದ. ಅಪ್ಪ ಸಂಜೆ ಚಹದಂಗಡಿಯಲ್ಲಿ ಕೂತು, ಸೊಸೆ ಬಂದು ನಿಲ್ಲುವುದನ್ನು ನೋಡಿ, ಪಕ್ಕದವರ ತೊಡೆಯ ಮೇಲೆ ಹೊಡೆದು ನಗುತ್ತಿದ್ದ.

ನಮ್ಮ ಸುಖಕ್ಕೆ ಕಲ್ಲು ಹಾಕಿದವಳು ಪಕ್ಕದ ಬೀದಿಯ ಸುಭದ್ರಮ್ಮ. ಆಕೆಯ ಎಮ್ಮೆ ತಪ್ಪಿಸಿಕೊಂಡಿತ್ತು. ಹುಡುಕುತ್ತಾ ಕೆರೆಯ ಪಕ್ಕ ಬಂದಾಗ, ನಿನ್ನೆ ಮೊನ್ನೆ ಇಲ್ಲದ ಕಲ್ಲು ಕಂಡಿತು, ಮೇಲೆ ಸುಣ್ಣ ಕೆಮ್ಮಣ್ಣಿನ ಪಟ್ಟೆ. ಯಾರು ನೆಟ್ಟರು ಎಂದು ಕೇಳಿದ್ದಾಳೆ. ಮಲ್ಲಯ್ಯ ನಸುಕಿನಲ್ಲಿ ತಲೆಗೆ ನೀರು ಹಾಕಿಕೊಂಡು, ಕಂಬಳಿ ಹೊದ್ದು, ಯಾರ ಜೊತೆಯೂ ಮಾತಾಡದೆ ನೆಟ್ಟ ಎಂದು ಯಾರೋ ಹೇಳಿದ್ದಾರೆ. ಅವನು ಮಾತಾಡದ್ದು ಬಾಯಲ್ಲಿ ಬೇವಿನ ಕಡ್ಡಿ ಇದ್ದದ್ದಕ್ಕೆ. ಸುಭದ್ರಮ್ಮ ಕೈಮುಗಿದು ಎಮ್ಮೆಯ ವಿಷಯ ಹೇಳಿಕೊಂಡಿದ್ದಾಳೆ. ಮನೆಗೆ ಬಂದು ನೋಡಿದರೆ ಎಮ್ಮೆ ಹಿತ್ತಲಲ್ಲಿ ನಿಂತಿತ್ತು.

ಮರುದಿನ ಕಲ್ಲಿಗೆ ಅರಿಶಿನ, ಕುಂಕುಮ. ಅದರ ಮರುದಿನ ಹಸಿರು ಬಳೆ. ದೇವರೋ ದೇವಿಯೋ ಎಂಬ ಚರ್ಚೆ ಬಳೆಯಿಂದಾಗಿ ಬೇಗ ಮುಗಿಯಿತು. ಒಂದಕ್ಕೆ ಪೂಜೆ ಮಾಡಿ ಉಳಿದವಕ್ಕೆ ಮಾಡದಿದ್ದರೆ ಅಕ್ಕತಂಗಿಯರು ಮುನಿಸಿಕೊಳ್ಳುತ್ತಾರೆ ಎಂದು, ಹಾಲಿನ ಕೇಂದ್ರದ ಕಲ್ಲಿಗೂ ಸಚಿವಾಲಯದ ಕಲ್ಲಿಗೂ ಚಹದಂಗಡಿಯ ಕಲ್ಲಿಗೂ ಕುಂಕುಮ ಬಿತ್ತು.

ಜ್ಯೋತಿ ಮತ್ತೆ ಗೋಡೆ, ಕಂಬಗಳನ್ನು ಆತು ನಿಲ್ಲಿಸತೊಡಗಿದಳು. ನಾನು ಅಪ್ಪನ ಮೇಲೆ ರೇಗಿದೆ. ಅದು ಸೊಸೆ ಕಾಲಿಡುವ ಕಲ್ಲೆಂದು ಜನರಿಗೆ ಹೇಳಬಾರದೇ? ಆದರೆ ಊರಿನವರು ಅಪ್ಪನನ್ನು ಕಂಡರೆ ಈಗ ಎದ್ದು ನಿಲ್ಲುತ್ತಿದ್ದರು. ಕನಸಿನಲ್ಲಿ ಬಂದಿದ್ದಳೇ ತಾಯಿ ಎಂದು ಕೇಳುತ್ತಿದ್ದರು. ಒಡೆದ ಕಾಯಿಯ ಮೊದಲ ಹೋಳು ಅವನಿಗೇ. ಅಪ್ಪ ಸುಳ್ಳು ಹೇಳಲಿಲ್ಲ. ಬಾಯಿ ತುಂಬ ಕೊಬ್ಬರಿ ಇದ್ದುದರಿಂದ ಏನನ್ನೂ ಹೇಳಲಿಲ್ಲ.

ಅಷ್ಟರಲ್ಲಿ ದೊಡ್ಡ ಸೂಜಿಯ ದಿನ ಬಂತು. ಊರಿನ ಮಂದೆಗಳನ್ನೆಲ್ಲ ಕೆರೆಯ ಬಯಲಿಗೆ ಸೇರಿಸಬೇಕು, ಜ್ಯೋತಿ ಒಬ್ಬಳೇ ಹೋಗಿ ಲಸಿಕೆ ಹಾಕಬೇಕು, ಡಾಕ್ಟರಮ್ಮ ಬಂದು ನೋಡುತ್ತಾರೆ. ಅವತ್ತು ಸರಿಹೋದರೆ ಮಂದೆಗಳು ಅವಳವು. ಇಲ್ಲದಿದ್ದರೆ ಆಲೂರು. ಅವತ್ತು ಮಂಗಳವಾರ ಎಂಬುದನ್ನು ನಾವು ಯಾರೂ ಯೋಚಿಸಿರಲಿಲ್ಲ.

ನಾನು ರಜೆ ಹಾಕಿ ಮೊದಲೇ ಬಯಲಿಗೆ ಹೋಗಿದ್ದೆ. ಒಂದು ಕಡೆ ಕುರಿಗಾಹಿ ಆಂಜನೇಯನ ಕುರಿಗಳು ಒತ್ತೊತ್ತಾಗಿ ನಿಂತಿದ್ದವು. ಇನ್ನೊಂದು ಕಡೆ ಪಟ್ಟೆ ಕಲ್ಲಿನ ಸುತ್ತ ಹೆಂಗಸರು, ತಟ್ಟೆ, ಊದುಬತ್ತಿ, ನಡುವೆ ನಮ್ಮಪ್ಪ. ಜ್ಯೋತಿ ಬಂದಳು. ಹಿಂದೆ ಮಂಜುಗಡ್ಡೆ ತುಂಬಿದ ಲಸಿಕೆಯ ಡಬ್ಬ, ಒಳಗೆಲ್ಲ ಗಾಜಿನ ಸೀಸೆಗಳು. ಜನ ದಾರಿಬಿಟ್ಟರು. ಅವಳು ಡಬ್ಬದ ಚಿಂತೆಯಲ್ಲಿ ಎಲ್ಲ ಮರೆತು, ಹಳೆಯ ರೂಢಿಯಂತೆ ಕಲ್ಲಿನ ಪಕ್ಕಕ್ಕೆ ಬಂದು ಎಡಗಾಲು ಚಾಚಿದಳು.

"ಅಯ್ಯಯ್ಯೋ ತಾಯೀ! ಕಾಲು!" ಎಂದು ಸುಭದ್ರಮ್ಮ ಕಿರುಚಿದಳು.

ಜ್ಯೋತಿ ಕೆಳಗೆ ನೋಡಿದಳು. ಅರಿಶಿನ, ಹೂವು, ಬಳೆ. ಅವಳ ಕಾಲು ತಾನಾಗಿಯೇ ಮೇಲೆ ಹೋಯಿತು. ಕಾಲಿಡುವ ಹಾಗಿಲ್ಲ. ನಿಲ್ಲಿಸಿದರೆ ಗಾಡಿ ಬೀಳುತ್ತದೆ, ಬಿದ್ದರೆ ಸೀಸೆಗಳು ಒಡೆಯುತ್ತವೆ. ಬೇರೆ ದಾರಿಯಿಲ್ಲದೆ ಕಲ್ಲನ್ನು ಒಂದು ಸುತ್ತು ಹಾಕಿದಳು. ಇನ್ನೊಂದು ಸುತ್ತು ಹಾಕಿದಳು. ಮೂರನೆಯ ಸುತ್ತಿಗೆ ಹೆಂಗಸರೆಲ್ಲ ಕೈಮುಗಿದರು.

"ಯಾರರ ಹಿಡೀರಿ! ನನ್ನ ಹಿಡೀರೀ!" ಎಂದು ಅವಳು ಕೂಗಿದಳು.

"ಮೈಮ್ಯಾಲ ಬಂತು!" ಎಂದರು ಯಾರೋ.

ಬೇವಿನ ಸೊಪ್ಪು ಬಂತು. ಉರುಕುಂದ ಚಹದಂಗಡಿ ಬಿಟ್ಟು ಡೊಳ್ಳು ತರಲು ಓಡಿದ. ನಾನು ಹಿಡಿಯಲು ನುಗ್ಗಿದರೆ ನಾಲ್ಕು ಜನ ನನ್ನನ್ನೇ ಹಿಡಿದುಕೊಂಡರು. "ಅಡ್ಡ ಹೋಗಬ್ಯಾಡಪ್ಪ, ತಾಯಿ ಸುತ್ತು ಹಾಕಾಕತ್ಯಾಳ." ಒಬ್ಬ ಮುದುಕಿ ಗಾಡಿಯ ಹಿಂದೆ ಓಡುತ್ತಾ, "ನನ್ನ ಮೊಮ್ಮಗಳಿಗೆ ಯಾವಾಗ ಲಗ್ನ ಕೂಡಿಬರತೈತಿ ಹೇಳವ್ವಾ!" ಎಂದು ಕೇಳಿದಳು. "ಮೊದಲ ಗಾಡಿ ನಿಲ್ಲಲಬೇ!" ಎಂದು ಜ್ಯೋತಿ ಅರಚಿದಳು. ಮುದುಕಿ ಅಲ್ಲಿಯೇ ನಿಂತು, ತನ್ನ ಅಳಿಯನ ಮನೆಯಲ್ಲಿ ಯಾವ ಗಾಡಿ ನಿಲ್ಲಬೇಕಾದೀತು ಎಂದು ಲೆಕ್ಕ ಹಾಕತೊಡಗಿದಳು.

ಕೊನೆಗೆ ಜ್ಯೋತಿ ಸುತ್ತು ಬಿಟ್ಟು ಗಾಡಿಯನ್ನು ಕುರಿಗಳ ಕಡೆ ತಿರುಗಿಸಿದಳು. ಆಂಜನೇಯ ತಲೆಯ ಮೇಲೆ ಕೈಯಿಟ್ಟುಕೊಂಡ. ಅವಳು ನಡಿಗೆಯಷ್ಟು ನಿಧಾನವಾಗಿ ಮಂದೆಯ ನಡುವೆ ಹೋದಳು, ಕುರಿಗಳು ಸರಿದು ದಾರಿ ಕೊಟ್ಟು ಮತ್ತೆ ಎರಡೂ ಕಡೆಯಿಂದ ಒತ್ತಿಕೊಂಡವು. ಇಂಜಿನ್ ಆಫ್ ಆಯಿತು. ಗಾಡಿ ಉಣ್ಣೆಯ ನಡುವೆ ನೆಟ್ಟಗೆ ನಿಂತಿತು. ಒಂದು ಕುರಿಗೂ ಪೆಟ್ಟಾಗಲಿಲ್ಲ, ಒಂದು ಸೀಸೆಯೂ ಒಡೆಯಲಿಲ್ಲ.

ಇಳಿಯಲು ಮಾತ್ರ ಜಾಗವಿರಲಿಲ್ಲ. ಹಾಗೆಂದು ಅವಳು ಸುಮ್ಮನೆ ಕೂರುವವಳೇ? ಮಂಜು ಕರಗುತ್ತದೆಂದು ಕೂತಲ್ಲೇ ತಿರುಗಿ ಡಬ್ಬ ಬಿಚ್ಚಿ, ಕೈಗೆ ಸಿಕ್ಕ ಕುರಿಗಳಿಗೆಲ್ಲ ಸೀಟಿನ ಮೇಲಿಂದಲೇ ಸೂಜಿ ಹಾಕತೊಡಗಿದಳು. ಆಂಜನೇಯ ಉಳಿದ ಕುರಿಗಳನ್ನು ಒಂದೊಂದಾಗಿ ಅವಳ ಕಡೆ ತಳ್ಳುತ್ತಾ ಬಂದ. ಡಾಕ್ಟರಮ್ಮನ ಜೀಪು ಬಂದಾಗ ಅರ್ಧ ಮಂದೆ ಮುಗಿದಿತ್ತು. ಅವರು ಕನ್ನಡಕ ಒರೆಸಿಕೊಂಡು ನೋಡಿದರು.

"ಏಂ ಜ್ಯೋತೀ, ಬಂಡಿ ದಿಗವಾ?" ಇಳಿಯುವುದಿಲ್ಲವೇನಮ್ಮ ಎಂದು ತೆಲುಗಿನಲ್ಲಿ ಕೇಳಿದರು.

"ಕಾಳ್ಳು ಅಂದವು ಮೇಡಂ," ಎಂದಳು ಜ್ಯೋತಿ ಸಣ್ಣ ದನಿಯಲ್ಲಿ. ಕಾಲು ಎಟುಕುವುದಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತ್ತು.

ಡಾಕ್ಟರಮ್ಮ ಒಳ್ಳೆಯವರೇ. ನಗಲಿಲ್ಲ. ಸೂಜಿ ಹಾಕಿದ ಕೆಲಸ ಚೆನ್ನಾಗಿದೆ ಎಂದರು. ಆದರೆ ಬಯಲಿನಲ್ಲಿ ಎಲ್ಲ ಕಡೆ ಕುರಿಗಳು ಹಿಡಿದುಕೊಳ್ಳುವುದಿಲ್ಲ, ಬರುವ ಸೋಮವಾರ ಕಾಲೂರಿ ನಿಲ್ಲಿಸಿ ತೋರಿಸು, ಇಲ್ಲದಿದ್ದರೆ ಆಲೂರಿಗೆ ಬರೆದುಬಿಡುತ್ತೇನೆ ಎಂದರು.

ಇದನ್ನು ಅಪ್ಪ ಕೇಳಿಸಿಕೊಂಡ. ಕೈಯಲ್ಲಿ ಇನ್ನೂ ಕಾಯಿಯ ಹೋಳಿತ್ತು. ಮಂದೆಯ ಈಚೆ ನಿಂತು, ಉಣ್ಣೆಯ ಮೇಲೆ ನೇತಾಡುತ್ತಿದ್ದ ಸೊಸೆಯ ಎರಡು ಸಣ್ಣ ಪಾದಗಳನ್ನೇ ನೋಡುತ್ತಿದ್ದ. ಅವನ ಮುಖ ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅಷ್ಟು ಉದ್ದದ ಮನುಷ್ಯ ಆಗ ತೀರಾ ಸಣ್ಣವನಾಗಿ ಕಂಡ. ಸೀದಾ ಹೆಂಗಸರ ಹತ್ತಿರ ಹೋದ.

"ಕೇಳ್ರಬೇ. ಇದು ದೇವರಲ್ಲ. ನಮ್ಮ ಸೊಸಿ ಕಾಲಿಡಾಕ ನಾನು ನೆಟ್ಟ ಕಲ್ಲು. ಸುಣ್ಣ ಮನ್ಯಾಗ ಉಳಿದಿತ್ತು, ಬಳದೆ. ಅಷ್ಟ."

ಸುಭದ್ರಮ್ಮ ಸಮಾಧಾನವಾಗಿ ಕಲ್ಲಿನ ಮೇಲಿನ ಹೂವು ಸರಿಮಾಡಿದಳು.

"ಇರ್ಲಿ ಬಿಡು ಮಲ್ಲಯ್ಯ. ಮದಲ ಅಲ್ಲದಿದ್ರ ಏನಾತು, ಈಗ ಆಗ್ಯಾಳ."

ಕಲ್ಲು ದೇವಿಯ ಪಾಲಾಯಿತು. ಉಳಿದದ್ದು ಗಾಡಿ.

ಮರುದಿನ ಅಪ್ಪನೇ ಗಾಡಿಯನ್ನು ದಸ್ತಗಿರಿಯ ಅಂಗಡಿಗೆ ತಂದ, ಜ್ಯೋತಿಯನ್ನು ಹಿಂದೆ ಕೂರಿಸಿಕೊಂಡು. ಮಧ್ಯಾಹ್ನದ ಊಟದ ಹೊತ್ತಿಗೆ ನಾನೂ ಮಿಲ್ಲಿನಿಂದ ರಸ್ತೆ ದಾಟಿ ಹೋದೆ. ದಸ್ತಗಿರಿ ಗಾಡಿ ಹಿಡಿದುಕೊಂಡು ಜ್ಯೋತಿಯನ್ನು ಮೇಲೆ ಕೂರಿಸಿದ.

"ಎಷ್ಟು ಇಳಿಸಲಿ ತಾತಾ?"

ಅಪ್ಪ ಕುಕ್ಕರಗಾಲಲ್ಲಿ ಕೂತು, ಅವಳ ಪಾದಕ್ಕೂ ನೆಲಕ್ಕೂ ನಡುವೆ ಅಂಗೈ ನಿಲ್ಲಿಸಿ ಅಳೆದ. ಕೈಯಂಚು ಪಾದಕ್ಕೆ ತಾಗಿತೋ ಇಲ್ಲವೋ, ಜ್ಯೋತಿ "ಅಯ್ಯೋ ಮಾವಾ, ಕೈ ತೆಗೀರಿ! ಪಾಪ ಬರತೈತಿ!" ಎಂದು ಎರಡೂ ಕಾಲನ್ನು ಟ್ಯಾಂಕಿನ ಮೇಲಕ್ಕೆ ಎತ್ತಿಕೊಂಡಳು. ಗಾಡಿ ವಾಲಿತು, ದಸ್ತಗಿರಿ ಇಬ್ಬರನ್ನೂ ಬೈದ.

"ಕಾಲು ಇಳಿಸು ತಾಯಿ," ಎಂದ ಅಪ್ಪ. "ಪಾಪ ಬಂದ್ರ ನನಗ ಬರ್ಲಿ. ಸರಿಯಾಗಿ ಅಳತಿ ಸಿಗವಲ್ದು."

ಅವಳು ಕಣ್ಣು ಮುಚ್ಚಿಕೊಂಡು ಕಾಲಿಳಿಸಿದಳು. ಅಪ್ಪ ಅಳತೆ ತೆಗೆದುಕೊಂಡ. ದಸ್ತಗಿರಿ ಸೀಟಿನ ಹೊದಿಕೆ ಬಿಚ್ಚಿ ಸ್ಪಂಜಿಗೆ ಚಾಕು ಹಾಕಿದಾಗ ಅಪ್ಪ ಆಚೆ ಮುಖ ಮಾಡಿ ನಿಂತ. ಮಗಳನ್ನು ಗಂಡನ ಮನೆಗೆ ಕಳಿಸುವ ದಿನವೂ ಅವನು ಹೀಗೇ ನಿಂತಿದ್ದ.

ಕೆಲಸ ಮುಗಿದಾಗ ಗಾಡಿ ಮಂಡಿಯೂರಿದ ಹಾಗೆ ಕಂಡಿತು. ಅಪ್ಪ ಒಂದು ಸಲ ಕೂತು ನೋಡಿದ. ಮೊಣಕಾಲು ಹ್ಯಾಂಡಲ್ಲಿಗೆ ಬಡಿಯಿತು, ತಿರುಗಿಸಲು ಆಗಲಿಲ್ಲ. ಇನ್ನು ಈ ಗಾಡಿಯನ್ನು ಅವನು ಓಡಿಸುವಂತಿಲ್ಲ ಎಂದು ಎಲ್ಲರಿಗೂ ತಿಳಿಯಿತು. ಅಪ್ಪ ಇಳಿದು, ಕೀಲಿಯನ್ನು ಜ್ಯೋತಿಯ ಕೈಗೆ ಕೊಟ್ಟು, ಹಿಂದೆ ಕೂತ.

ಇಬ್ಬರೂ ಹೊರಟರು. ಸ್ವಲ್ಪ ದೂರದಲ್ಲೇ ಹತ್ತಿ ತುಂಬಿದ ಲಾರಿಯೊಂದು ನಮ್ಮ ಮಿಲ್ಲಿನ ಗೇಟಿಗೆ ಹಿಂದಕ್ಕೆ ಬರುತ್ತಿತ್ತು. ಜ್ಯೋತಿ ಬ್ರೇಕು ಹಿಡಿದಳು. ಎರಡೂ ಕಾಲು ಇಳಿಸಿದಳು. ಹಿಮ್ಮಡಿ ಸಮೇತ ಎರಡೂ ಪಾದ ಡಾಂಬರಿನ ಮೇಲೆ ನಿಂತವು. ಸುತ್ತ ಹಾರನ್ನು ಹೊಡೆಯುತ್ತಿದ್ದರೂ ಅವಳು ತಲೆ ಬಗ್ಗಿಸಿ ಆ ಪಾದಗಳನ್ನೇ ನೋಡುತ್ತಿದ್ದಳು. ಹಿಂದೆ ಕೂತ ಅಪ್ಪನೂ ಅಭ್ಯಾಸಬಲದಿಂದ ತನ್ನ ಎರಡು ಕಾಲುಗಳನ್ನು ನೆಲಕ್ಕೆ ಇಳಿಸಿದ. ತಗ್ಗು ಸೀಟಿನ ಮೇಲೆ ಆ ಕಾಲುಗಳಿಗೆ ಕೂತದ್ದೂ ಒಂದೇ, ನಿಂತದ್ದೂ ಒಂದೇ.

ಲಾರಿ ಒಳಗೆ ಹೋಯಿತು. ಜ್ಯೋತಿ ಗಾಡಿ ಬಿಟ್ಟಳು. ಗಾಡಿ ಅಪ್ಪನ ಕೆಳಗಿನಿಂದ ಸುಮ್ಮನೆ ಜಾರಿ ಮುಂದೆ ಹೊರಟುಹೋಯಿತು.

ಅಪ್ಪ ನಡುರಸ್ತೆಯಲ್ಲಿ ಕಾಲಗಲಿಸಿ, ಮೊಣಕಾಲು ಬಗ್ಗಿಸಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಹಾಗೇ ಉಳಿದ. ಜ್ಯೋತಿಗೆ ಗೊತ್ತೇ ಆಗಲಿಲ್ಲ. ಅವಳು ಎರಡು ಆಟೋಗಳನ್ನು ದಾಟಿ, ನೆಟ್ಟಗೆ ಬೆನ್ನು ಮಾಡಿಕೊಂಡು ಊರಿನ ರಸ್ತೆ ಹಿಡಿದಿದ್ದಳು. ನಾನು ಓಡಿಹೋಗಿ ಅಪ್ಪನ ರಟ್ಟೆ ಹಿಡಿದು ಬದಿಗೆ ಎಳೆದೆ.

"ಎಪ್ಪಾ, ಒಂದು ಸಲ ಕೂಗಬಾರದೇನು?"

ಅಪ್ಪ ನನ್ನ ಬಾಯಿಯ ಮೇಲೆ ಕೈಯಿಟ್ಟ. ಕಣ್ಣು ಅವಳು ಹೋಗುತ್ತಿದ್ದ ಕಡೆಗೇ ಇತ್ತು.

"ಸುಮ್ಕಿರಲೇ ಸುಂಕ್ಯಾ," ಎಂದ. "ಕೂಗಿದ್ರ ನಿಲ್ಲಿಸಿಬಿಡ್ತಾಳ."